ಬೂಟ್‌ಸ್ಟ್ರಾಪ್: ಕವಲಿನ ಬುಡದ ಪುಟ್ಟ ಅಂಕಿ

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ, ಒಂದು ಇರುಳುಗಪ್ಪೆ ಇದೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಮುಂಗಾಲಲ್ಲಿ ಕೆಸರು ಎತ್ತಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಅದಕ್ಕೇ 2014ರಲ್ಲಿ ವಿಜ್ಞಾನಿಗಳು ಅದಕ್ಕೆ ಕನ್ನಡದಲ್ಲೇ 'ಕುಂಬಾರ' ಎಂದೇ ಹೆಸರಿಟ್ಟರು.

ಇಂಥ ಕಪ್ಪೆಯ ಹತ್ತಿರದ ದಾಯಾದಿ ಯಾರು? ಕಪ್ಪೆಗಳ ಡಿಎನ್‌ಎ ಅಕ್ಷರಗಳನ್ನು ಸಾಲಾಗಿ ಜೋಡಿಸಿ, ಹೋಲಿಸಿ, ವಂಶದ ಮರ ಬಿಡಿಸಬೇಕು. ಕೈಯಲ್ಲಿ ಆಗುವ ಕೆಲಸವಲ್ಲ. ಬರೀ 10 ಜಾತಿಗಳನ್ನು ಮರದಲ್ಲಿ ಕೂರಿಸಲು 3 ಕೋಟಿ 44 ಲಕ್ಷಕ್ಕೂ ಜಾಸ್ತಿ ಬಗೆಗಳಿವೆ. ಕಂಪ್ಯೂಟರ್ ಬೇಕಾಗುವುದು ಇಲ್ಲೇ.

ಹಾಗೆ ಬಂದ ಮರದ ಕವಲುಗಳ ಬುಡದಲ್ಲಿ 98, 71, 54 ಎಂದು ಪುಟ್ಟ ಅಂಕಿಗಳಿರುತ್ತವೆ. ಅವೇ ಬೂಟ್‌ಸ್ಟ್ರಾಪ್ ಅಂಕಿಗಳು. ಎಂಎಸ್ಸಿ ಓದುವ ನನ್ನ ತಂಗಿಯ ಮಗಳು ರಜೆಗೆ ಶಿರಸಿಗೆ ಬಂದಾಗ ಕೇಳಿದಳು: "ಮಾವ, 98 ಅಂದ್ರೆ ನೂರಕ್ಕೆ 98 ಪಾಲು ನಿಜ ಅಂತ ಅಲ್ವಾ?" ಅಲ್ಲ. ಎಷ್ಟೋ ಜನ ಎಡವುವುದು ಇದೇ ಜಾಗದಲ್ಲಿ.

ವಖಾರಿಯಲ್ಲಿ 1000 ಚಾಲಿ ಅಡಿಕೆಯ ಒಂದು ಚೀಲ ಇದೆ ಅಂದುಕೊಳ್ಳಿ. ಕಣ್ಣು ಮುಚ್ಚಿ ಒಂದು ಅಡಿಕೆ ತೆಗೆಯಿರಿ, ಒಳ್ಳೆಯದೋ ಹುಳುಕೋ ಬರೆದುಕೊಳ್ಳಿ, ಮತ್ತೆ ಅದೇ ಚೀಲಕ್ಕೆ ಹಾಕಿ. ಹೀಗೆ 1000 ಸಲ. ಕೆಲವು ಅಡಿಕೆ ಎರಡು ಮೂರು ಸಲ ಕೈಗೆ ಬರುತ್ತವೆ, ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಅಡಿಕೆ ಬರುವುದೇ ಇಲ್ಲ. ಈ ಇಡೀ ಆಟವನ್ನು ನೂರು ಸಲ ಆಡಿದರೂ ಲೆಕ್ಕ ಹೆಚ್ಚುಕಡಿಮೆ ಒಂದೇ ಬಂದರೆ, ಆ ಚೀಲ ಹೇಳುವ ಮಾತು ಗಟ್ಟಿ. ಮರದ ವಿಷಯದಲ್ಲಿ ಡಿಎನ್‌ಎ ಸಾಲಿನ ಒಂದೊಂದು ಜಾಗವೂ ಒಂದೊಂದು ಅಡಿಕೆ. ಇಡೀ ಆಟ ಆಡಿದ ಪ್ರತಿ ಸಲವೂ, ಕೈಗೆ ಬಂದ ಜಾಗಗಳಿಂದ ಹೊಸ ಮರ ಬಿಡಿಸುತ್ತಾರೆ. 100 ಮರಗಳಲ್ಲಿ 98 ಸಲ ಅವೇ ಎರಡು ಕಪ್ಪೆಗಳು ಒಂದೇ ಕವಲಲ್ಲಿ ಕೂತರೆ, ಅಂಕಿ 98.

ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ಮಾತಿನಿಂದ ಈ ಹೆಸರು ಬಂತು. ಬೇರೆ ಚೀಲ ಇಲ್ಲ. ಇರುವ ಚೀಲದಿಂದಲೇ ಅದರ ಗಟ್ಟಿತನ ನೋಡಬೇಕು. 1979ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಬ್ರಾಡ್ಲಿ ಎಫ್ರಾನ್ ಇದನ್ನು ಸಂಖ್ಯಾಶಾಸ್ತ್ರಕ್ಕೆ ತಂದರು. 1985ರಲ್ಲಿ ವಂಶದ ಮರಕ್ಕೆ ತಂದವರು ಜೋಸೆಫ್ ಫೆಲ್ಸೆನ್‌ಸ್ಟೈನ್.

ಫೆಲ್ಸೆನ್‌ಸ್ಟೈನ್ ಷಿಕಾಗೋದಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಅವರ ಬಳಿ ಪಿಎಚ್‌ಡಿ ಮಾಡಿದವರು. ಆಮೇಲೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ಪ್ರೊಫೆಸರ್ ಆಗಿದ್ದರು. ಜೀವವಿಜ್ಞಾನಿಯಾಗಿದ್ದೂ ಕೂತು ಪ್ರೋಗ್ರಾಂ ಬರೆದರು. ಮರ ಬಿಡಿಸುವ 'ಫೈಲಿಪ್' ಸಾಫ್ಟ್‌ವೇರನ್ನು 1980ರಿಂದಲೇ ಎಲ್ಲರಿಗೂ ಪುಕ್ಕಟೆ ಕೊಟ್ಟರು. ನನಗೆ ಅವರ ಪ್ರಬಂಧಗಳಷ್ಟೇ ಇದೂ ದೊಡ್ಡದು.

ಅವರೇ 1978ರಲ್ಲಿ ಇನ್ನೊಂದು ವಿಷಯ ತೋರಿಸಿದ್ದರು. ಕೆಲವು ಕವಲುಗಳು ತೀರಾ ಉದ್ದವಿದ್ದಾಗ, ಅಂದರೆ ಅಲ್ಲಿ ಡಿಎನ್‌ಎ ತುಂಬಾ ಬದಲಾಗಿದ್ದಾಗ, ಅತಿ ಕಡಿಮೆ ಬದಲಾವಣೆಯ ಮರವನ್ನು ಆರಿಸುವ ವಿಧಾನ ದಾರಿ ತಪ್ಪುತ್ತದೆ. ಡಿಎನ್‌ಎ ಜಾಸ್ತಿ ಹಾಕಿದಷ್ಟೂ ತಪ್ಪು ಮರವೇ ಗಟ್ಟಿಯಾಗುತ್ತದೆ. ಅಲ್ಲಿ ಬೂಟ್‌ಸ್ಟ್ರಾಪ್ 100 ಬಂದರೂ ಮರ ತಪ್ಪೇ. ಅಡಿಕೆ ಅಳೆಯುವ ತಕ್ಕಡಿಯೇ ವಾಲಿದ್ದರೆ, ನೂರು ಸಲ ತೂಗಿದರೂ ಅದೇ ತಪ್ಪು ತೂಕ ತಾನೇ?

"ಹಾಗಾದ್ರೆ 54 ಇದ್ದ ಕವಲು ಸುಳ್ಳಾ ಮಾವ?" ಎಂದಳು. ಅದೂ ಅಲ್ಲ. ಈ ಚೀಲದಿಂದ ಇನ್ನೂ ಹೇಳಲು ಬರುವುದಿಲ್ಲ, ಅಷ್ಟೆ. ಇನ್ನಷ್ಟು ಜೀನ್‌ಗಳನ್ನು ಓದಬೇಕು. ಇಲ್ಲವೇ ಮಳೆಗಾಲದಲ್ಲಿ ಟಾರ್ಚ್ ಹಿಡಿದು ಮತ್ತೆ ಜಡ್ಡಿಗೆ ಇಳಿಯಬೇಕು.