‘ಮಿಡಲ್‌ಮಾರ್ಚ್’ ಓದುವವರಿಗೆ: 18ನೇ ಅಧ್ಯಾಯದ ಆ ಒಂದು ಓಟು

ಜಾರ್ಜ್ ಎಲಿಯಟ್ ಬರೆದ ‘ಮಿಡಲ್‌ಮಾರ್ಚ್’ ಶುರು ಮಾಡಿ ಎಷ್ಟೋ ಜನ ನೂರು ಪುಟಕ್ಕೇ ಕೈಬಿಡುತ್ತಾರೆ. ಹೆಸರುಗಳು ಜಾಸ್ತಿ. ಯಾರು ಯಾರಿಗೆ ನೆಂಟರು ಅನ್ನುವುದೇ ತಿಳಿಯುವುದಿಲ್ಲ. ದಾವಣಗೆರೆಯಲ್ಲಿ ನಾವು ನಾಲ್ಕು ಜನ ಸೇರಿ ಓದುವಾಗಲೂ ಹೀಗೇ ಆಯಿತು. ನಮಗೆ ದಾರಿ ಸಿಕ್ಕಿದ್ದು 18ನೇ ಅಧ್ಯಾಯದಲ್ಲಿ.

ಹಿನ್ನೆಲೆ ಇಷ್ಟು ಸಾಕು. ಜಾರ್ಜ್ ಎಲಿಯಟ್ ಅನ್ನುವುದು ಮೇರಿ ಆನ್ ಇವಾನ್ಸ್ ಎಂಬ ಲೇಖಕಿಯ ಕಾವ್ಯನಾಮ. ಕಾದಂಬರಿ 1871-72ರಲ್ಲಿ ಎಂಟು ಭಾಗಗಳಾಗಿ ಬಂತು. ಕಥೆ ನಡೆಯುವುದು ಅದಕ್ಕೂ ನಲವತ್ತು ವರ್ಷ ಹಿಂದೆ, 1829ರಿಂದ 1832ರ ಸುಮಾರಿಗೆ. ಇನ್ನಷ್ಟು ಜನರಿಗೆ ಓಟು ಕೊಡಬೇಕೋ ಬೇಡವೋ ಎಂದು ಇಂಗ್ಲೆಂಡ್ ಜಗಳವಾಡುತ್ತಿದ್ದ ಕಾಲ ಅದು.

ಈಗ ಆ ಅಧ್ಯಾಯಕ್ಕೆ ಬರೋಣ. ಊರಿನ ಆಸ್ಪತ್ರೆಗೆ ಒಬ್ಬ ಪಾದ್ರಿಯನ್ನು ಆರಿಸಬೇಕು. ವರ್ಷಕ್ಕೆ 40 ಪೌಂಡ್ ಸಂಬಳ. ಫೇರ್‌ಬ್ರದರ್ ಇಷ್ಟು ದಿನ ಸಂಬಳವಿಲ್ಲದೆ ಆ ಕೆಲಸ ಮಾಡಿದವನು. ಒಳ್ಳೆಯವನು, ಆದರೆ ಮನೆ ನಡೆಸಲು ದುಡ್ಡಿಟ್ಟು ಇಸ್ಪೀಟು ಆಡುತ್ತಾನೆ. ಇನ್ನೊಬ್ಬ ಟೈಕ್. ಬ್ಯಾಂಕರ್ ಬುಲ್‌ಸ್ಟ್ರೋಡ್‌ಗೆ ಟೈಕನೇ ಬೇಕು. ಊರಿಗೆ ಹೊಸದಾಗಿ ಬಂದ ಡಾಕ್ಟರ್ ಲಿಡ್‌ಗೇಟ್‌ಗೆ ಫೇರ್‌ಬ್ರದರ್ ಇಷ್ಟ. ಆದರೆ ಅವನು ಕನಸು ಕಂಡಿರುವ ಜ್ವರದ ಆಸ್ಪತ್ರೆಗೆ ದುಡ್ಡು ಬರಬೇಕಾದದ್ದು ಬುಲ್‌ಸ್ಟ್ರೋಡ್‌ನಿಂದ.

ಲಿಡ್‌ಗೇಟ್ ಸಭೆಗೆ ತಡವಾಗಿ ಬರುತ್ತಾನೆ. ಅಷ್ಟರಲ್ಲಿ ಓಟು ಸಮಸಮ ಆಗಿರುತ್ತದೆ. ಕೈಯಲ್ಲಿ ಪೆನ್ಸಿಲ್ ಹಿಡಿದಿದ್ದಾನೆ, ಇನ್ನೂ ಬರೆದಿಲ್ಲ. ಆಗ ಇನ್ನೊಬ್ಬ ಡಾಕ್ಟರ್, ನೀವು ಯಾರ ಕಡೆ ಹಾಕ್ತೀರಿ ಅನ್ನೋದು ಎಲ್ಲರಿಗೂ ಗೊತ್ತೇ ಇದೆ ಎನ್ನುವ ಹಾಗೆ ಮಾತು ಚುಚ್ಚುತ್ತಾನೆ. ಲಿಡ್‌ಗೇಟ್‌ಗೆ ಸಿಟ್ಟು ಬರುತ್ತದೆ. ತಕ್ಷಣ ‘ಟೈಕ್’ ಎಂದು ಬರೆದುಬಿಡುತ್ತಾನೆ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ಯಾರೂ ಲಂಚ ಕೊಟ್ಟಿಲ್ಲ, ಹೆದರಿಸಿಲ್ಲ. ಆಸ್ಪತ್ರೆಯ ಆಸೆ, ಸ್ವಾಭಿಮಾನ, ಒಂದು ಚುಚ್ಚುಮಾತು, ಮೂರೂ ಸೇರಿ ಒಂದು ಓಟಾಯಿತು. ನಮ್ಮ ಸೊಸೈಟಿ ಎಲೆಕ್ಷನ್ನು, ಶಾಲೆಯ ಕಮಿಟಿ ಕಂಡವರಿಗೆ ಇದು ಹೊಸದಲ್ಲ. ಇಲ್ಲೂ ಮೊದಲು ಕೇಳುವುದು ‘ಅವನು ಯಾರ ಕಡೆಯವನು?’ ಅಂತಲೇ ಅಲ್ವಾ? ಲಿಡ್‌ಗೇಟ್ ತಾನು ಯಾರ ಕಡೆಯೂ ಇಲ್ಲ ಅಂದುಕೊಂಡಿದ್ದ. ಅವತ್ತಿನಿಂದ ಊರಿನ ಲೆಕ್ಕದಲ್ಲಿ ಅವನು ಬುಲ್‌ಸ್ಟ್ರೋಡ್ ಕಡೆಯವನಾದ.

ಪಾತ್ರಗಳನ್ನೂ ಈ ‘ಕಡೆ’ಗಳ ಮೇಲೇ ಗುರುತಿಟ್ಟುಕೊಳ್ಳಿ. ಜಮೀನುದಾರರದ್ದು ಒಂದು ಕಡೆ: ಕಾದಂಬರಿಯ ನಾಯಕಿ ಡೊರೊಥಿಯಾಳ ಚಿಕ್ಕಪ್ಪ ಬ್ರೂಕ್, ಅವರ ನೆರೆಯ ಚೆಟ್ಟಮ್. ಪೇಟೆಯ ಸಾಹುಕಾರರದ್ದು ಇನ್ನೊಂದು. ಬಟ್ಟೆ ಉದ್ಯಮದ ವಿನ್ಸಿ ಊರಿನ ಮೇಯರ್, ಅವನ ತಂಗಿಯೇ ಬುಲ್‌ಸ್ಟ್ರೋಡ್‌ನ ಹೆಂಡತಿ. ಹತ್ತಿ ಗಿರಣಿಗಳಿಂದ ಬೆಳೆದ ಊರಿನವರಾದ ನಮಗೆ ಇಂಥ ಮನೆತನ ಬೇಗ ಅರ್ಥವಾಯಿತು. ವಿನ್ಸಿಯ ಮಗಳು ರೋಸಮಂಡ್‌ಗೆ ಲಿಡ್‌ಗೇಟ್ ಯಾಕೆ ಬೇಕು? ಅವನು ಡಾಕ್ಟರ್ ಅಂತಲ್ಲ, ದೊಡ್ಡ ಮನೆತನದ ಸಂಬಂಧಿ ಅಂತ.

51ನೇ ಅಧ್ಯಾಯದಲ್ಲಿ ಬ್ರೂಕ್ ಎಲೆಕ್ಷನ್ನಿಗೆ ನಿಂತಾಗ ದಿನಸಿ ಅಂಗಡಿಯ ಮಾಮ್ಸಿಯನ್ನು ಗಮನಿಸಿ. ಓಟು ಹಾಕಿದರೆ ತನ್ನ ಗಲ್ಲಾಪೆಟ್ಟಿಗೆ ಏನಾಗುತ್ತದೆ ಎಂದು ಅವನಿಗೆ ಚಿಂತೆ. ಸುಮ್ನೆ ಹೇಡಿ ಅಂತ ಬರೆದುಬಿಡಬೇಡಿ. ಆಗ ಓಟು ಗುಟ್ಟಾಗಿರಲಿಲ್ಲ. ಗುಪ್ತ ಮತದಾನದ ಕಾನೂನು ಅಲ್ಲಿ ಬಂದದ್ದು 1872ರಲ್ಲಿ. ಎರಡೂ ಪಕ್ಷದವರು ಗಿರಾಕಿಗಳು. ಮಂಡಿಪೇಟೆಯಲ್ಲಿ ಉದ್ರಿ ಕೊಟ್ಟು ಅಂಗಡಿ ನಡೆಸುವವರನ್ನು ನೆನೆದುಕೊಳ್ಳಿ, ಅವನ ಸಂಕಟ ತಿಳಿಯುತ್ತದೆ.

ಕೂಲಿಯವರಿಗೆ ಕಾದಂಬರಿ ಕೊಟ್ಟ ಜಾಗ ಕಡಿಮೆ. ಇದು ನನ್ನ ದೂರು. ಆದರೆ 56ನೇ ಅಧ್ಯಾಯದಲ್ಲಿ ರೈಲು ಹಳಿಗೆ ಅಳತೆ ಮಾಡಲು ಬಂದವರನ್ನು ಹಳ್ಳಿಯವರು ಓಡಿಸುತ್ತಾರೆ. ಆಗ ಟಿಮೊಥಿ ಕೂಪರ್ ಎಂಬ ಮುದುಕ ಮಾತಾಡುತ್ತಾನೆ. ಕಾಲುವೆ ಬಂತು, ಹೋಯಿತು, ಬಡವನಿಗೆ ಸಿಕ್ಕಿದ್ದೇನು, ಇದು ದೊಡ್ಡವರ ಲೋಕ ಎನ್ನುವುದು ಅವನ ಮಾತಿನ ಸಾರ. ಜಮೀನುದಾರರ ಆಸ್ತಿ ನೋಡಿಕೊಳ್ಳುವ, ಒಳ್ಳೆಯವನಾದ ಕೇಲಬ್ ಗಾರ್ತ್‌ಗೂ ಸರಿಯಾದ ಉತ್ತರ ಸಿಗುವುದಿಲ್ಲ. ಎಲಿಯಟ್ ಉತ್ತರ ಕಟ್ಟಿ ಕೊಡದೆ ಬಿಟ್ಟದ್ದು ನನಗೆ ತುಂಬ ಹಿಡಿಸಿತು.

18 ಆದ ಮೇಲೆ ನೇರವಾಗಿ 71 ಓದಿ ನೋಡಿ. ಕಾಲರಾ ಭಯದಿಂದ ಊರಿನವರು ಸಭೆ ಸೇರಿದ್ದಾರೆ. ಬುಲ್‌ಸ್ಟ್ರೋಡ್‌ನ ಹಳೆಯ ಮೋಸ ಎಲ್ಲರೆದುರು ಬಯಲಾಗುತ್ತದೆ. ಎದ್ದು ಹೋಗಲು ಅವನಿಗೆ ಕಾಲಲ್ಲಿ ಶಕ್ತಿಯಿಲ್ಲ. ಲಿಡ್‌ಗೇಟ್ ತೋಳು ಕೊಟ್ಟು ನಡೆಸಿಕೊಂಡು ಹೋಗುತ್ತಾನೆ. ಡಾಕ್ಟರಾಗಿ ಇನ್ನೇನು ಮಾಡಿಯಾನು? ಆದರೆ ಅವನು ಬುಲ್‌ಸ್ಟ್ರೋಡ್‌ನಿಂದ 1,000 ಪೌಂಡ್ ಸಾಲ ಪಡೆದಿದ್ದಾನೆ. ಅವನೂ ಬುಲ್‌ಸ್ಟ್ರೋಡ್ ಕಡೆಯವನೇ ಅನ್ನುವುದಕ್ಕೆ ಊರಿಗೆ ಆ ತೋಳು ಸಾಕ್ಷಿಯಾಗಿ ಕಾಣುತ್ತದೆ.

ನಂತರ 74. ಗಂಡನ ವಿಷಯ ಬುಲ್‌ಸ್ಟ್ರೋಡ್‌ನ ಹೆಂಡತಿಗೆ ಅಣ್ಣನ ಬಾಯಿಂದ ತಿಳಿಯುತ್ತದೆ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಒಡವೆಗಳನ್ನೆಲ್ಲ ಬಿಚ್ಚಿಟ್ಟು ಸಾದಾ ಕಪ್ಪು ಬಟ್ಟೆ ಉಡುತ್ತಾಳೆ. ಕೆಳಗೆ ಬಂದು ತಲೆ ತಗ್ಗಿಸಿ ಕೂತ ಗಂಡನ ಹೆಗಲ ಮೇಲೆ ಕೈಯಿಟ್ಟು, ತಲೆ ಎತ್ತು ಎನ್ನುತ್ತಾಳೆ.