ಗುಡ್ಡದ ಮೇಲಿನ ಆಂಟೆನಾ, ತೋಟದ ಕೆಳಗಿನ ಮನೆ

ಶಿರಸಿ ಕಡೆಯ ನಮ್ಮ ಹಳ್ಳಿಗೆ ಫೈಬರ್ ಬಂದಿದ್ದು ಡಾಂಬರು ರಸ್ತೆಯ ತನಕ ಮಾತ್ರ. ಅಲ್ಲಿಂದ ಮುಂದೆ ಹಳ್ಳ, ಬೆಟ್ಟ, ತೋಟ. ಮನೆಗಳೋ ಒಂದು ಇಲ್ಲಿ, ಇನ್ನೊಂದು ಅಲ್ಲಿ. ಅದಕ್ಕೇ ನಾಲ್ಕು ಜನ ಸೇರಿ ಗುಡ್ಡದ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಗಾಳಿಯಲ್ಲೇ ಇಂಟರ್ನೆಟ್ ಕಳಿಸುವ ಕೆಲಸಕ್ಕೆ ಕೈಹಾಕಿದೆವು. ಅಂಗಡಿಯಲ್ಲಿ ಸಿಕ್ಕಿದ್ದರಲ್ಲಿ ಜಾಸ್ತಿ ಗೇನ್ ಇರುವ ಆಂಟೆನಾ ತಂದೆವು. ಸುತ್ತಲೂ ಹರಡುವ ಓಮ್ನಿ, 12 ಡಿಬಿಐ (ಆಂಟೆನಾದ ಗೇನ್ ಅಳೆಯುವ ಮಾನ).

ಆನ್ ಮಾಡಿದಾಗ ಆಗಿದ್ದೇ ವಿಚಿತ್ರ. 2.4 ಕಿಲೋಮೀಟರ್ ದೂರದ ಎದುರು ಗುಡ್ಡದ ಮನೆಗೆ ಸಿಗ್ನಲ್ ಸಲೀಸಾಗಿ ಬಂತು. ಕಂಬದಿಂದ ಬರೀ 300 ಮೀಟರ್ ದೂರದಲ್ಲಿ, ಗುಡ್ಡದ ಕಾಲಬುಡದ ತೋಟದಲ್ಲಿರುವ ಮನೆಗೆ ಬರಲೇ ಇಲ್ಲ. ಅಂಗಳದಲ್ಲಿ ನಿಂತರೆ ಕಂಬ ಕಣ್ಣಿಗೆ ಕಾಣುತ್ತದೆ. ಆದರೂ ಇಲ್ಲ.

ತಪ್ಪು ನಮ್ಮದೇ. ಗೇನ್ ಅಂದರೆ ಶಕ್ತಿ ಅಂತ ತಿಳಿದಿದ್ದೆವು. ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಅಡಿಕೆಗೆ ಮದ್ದು ಹೊಡೆಯುವ ಪಂಪು ನೋಡಿದ್ದೀರಲ್ವಾ? ನಾಜಲ್ ಒಂದು ಕಡೆ ತಿರುಗಿಸಿದರೆ ಮದ್ದು ಮಂಜಿನ ಹಾಗೆ ಅಗಲಕ್ಕೆ ಹರಡುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಸಣ್ಣ ಧಾರೆಯಾಗಿ ಮರದ ತುದಿಯ ಅಡಿಕೆ ಗೊನೆಗೆ ಮುಟ್ಟುತ್ತದೆ. ಪಂಪು ಅದೇ, ಡ್ರಮ್ಮಿನಲ್ಲಿರುವ ಬೋರ್ಡೋ ದ್ರಾವಣವೂ ಅಷ್ಟೇ. ಆಂಟೆನಾ ಅನ್ನುವುದು ಈ ನಾಜಲ್. ಗೇನ್ 3 ಡಿಬಿ ಏರಿದರೆ ಆ ದಿಕ್ಕಿಗೆ ಹೋಗುವ ಶಕ್ತಿ ಎರಡು ಪಟ್ಟು, 10 ಡಿಬಿ ಏರಿದರೆ ಹತ್ತು ಪಟ್ಟು. ಆದರೆ ಅಷ್ಟನ್ನೂ ಬೇರೆ ಯಾವುದೋ ದಿಕ್ಕಿನಿಂದ ಕಿತ್ತುಕೊಂಡೇ ಕೊಡಬೇಕು.

ಓಮ್ನಿ ಕಿತ್ತುಕೊಳ್ಳುವುದು ಮೇಲಿನಿಂದ ಮತ್ತು ಕೆಳಗಿನಿಂದ. ಕಡಿಮೆ ಗೇನ್ ಇರುವ ಓಮ್ನಿಯ ಅಲೆ ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತದೆ, ನಡುವಿನ ತೂತಿನಲ್ಲಿ ಕಂಬ. ಗೇನ್ ಏರಿಸುತ್ತಾ ಹೋದರೆ ಆ ವಡೆ ಚಪ್ಪಟೆಯಾಗಿ ಹಲಸಿನ ಹಪ್ಪಳವಾಗುತ್ತದೆ. ನಾವು ತಂದ ಆಂಟೆನಾದ ಹಪ್ಪಳದ ದಪ್ಪ ಸುಮಾರು 7 ಡಿಗ್ರಿ. ಗುಡ್ಡದ ಎತ್ತರ 80 ಮೀಟರ್, ಮನೆ 300 ಮೀಟರ್ ಆಚೆ. ಲೆಕ್ಕ ಹಾಕಿದರೆ ಆ ಮನೆ ಕಂಬದ ತುದಿಯಿಂದ 15 ಡಿಗ್ರಿ ಕೆಳಗೆ. ಹಪ್ಪಳ ಅವರ ತಲೆಯ ಮೇಲೆ ಹಾದು ಎದುರು ಗುಡ್ಡಕ್ಕೆ ಹೋಗಿತ್ತು. ಬಯಲುಸೀಮೆಯಲ್ಲಿ ಈ ಓಮ್ನಿ ಚೆನ್ನಾಗಿಯೇ ನಡೆಯುತ್ತದೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಅಡಿಕೆ ತೋಟ ಇರುವುದು ಕಣಿವೆಯ ತಳದಲ್ಲಿ, ನೀರಿರುವ ಕಡೆ. ತೋಟದ ಪಕ್ಕದಲ್ಲೇ ಮನೆ. ಕಂಬ ಮಾತ್ರ ಗುಡ್ಡದ ಮೇಲೆ.

ಓಮ್ನಿ ಇಳಿಸಿದೆವು. ದೂರದ ಮನೆಗಳ ಕಡೆಗೆ 90 ಡಿಗ್ರಿ ಅಗಲದ ಒಂದು ಸೆಕ್ಟರ್ ಆಂಟೆನಾ ಹಾಕಿದೆವು. ತೋಟದ ಮನೆಗೆ ಗೇನ್ ಕಡಿಮೆಯ, ಆದರೆ ಮೇಲಕ್ಕೂ ಕೆಳಕ್ಕೂ ಅಗಲವಾಗಿ ಹರಡುವ ಚಿಕ್ಕ ಪ್ಯಾನೆಲ್ ಆಂಟೆನಾ, ಮುಖ ಕೆಳಗೆ ಬಗ್ಗಿಸಿ. ಗೇನ್ ಕಡಿಮೆಯಾದರೆ ಸಾಕಾಗುತ್ತದಾ? ಧಾರಾಳ ಸಾಕು. ದೂರ ಎಂಟು ಪಟ್ಟು ಕಡಿಮೆಯಾದರೆ ಮುಟ್ಟುವ ಶಕ್ತಿ 64 ಪಟ್ಟು ಜಾಸ್ತಿ.

ಇದೆಲ್ಲ ನಡೆಯುವುದು 5.8 ಗಿಗಾಹರ್ಟ್ಸ್‌ನಲ್ಲಿ. 2018ರಲ್ಲಿ ಭಾರತ ಸರ್ಕಾರ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ತರಂಗಾಂತರ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಹೊರಗೆ ಬಿಡುವ ಶಕ್ತಿಗೆ ಮಿತಿ ಇದೆ. ಹಾಗಾಗಿ ಕಳಿಸುವ ಕಡೆ ದೊಡ್ಡ ಡಿಶ್ ಹಾಕಿದರೆ ರೇಡಿಯೋದ ಪವರ್ ಇಳಿಸಬೇಕಾಗುತ್ತದೆ. ಕೇಳಿಸಿಕೊಳ್ಳುವ ಕಡೆ ಮಾತ್ರ ಗೇನ್ ಪುಕ್ಕಟೆ. ಜೊತೆಗೆ ಡಿಶ್ ಒಂದೇ ಕಡೆ ಕಿವಿಗೊಡುವುದರಿಂದ ಅಕ್ಕಪಕ್ಕದ ಗದ್ದಲವೂ ಕೇಳಿಸುವುದಿಲ್ಲ. ಆದ್ದರಿಂದಲೇ ಕಂಬದ ಮೇಲೆ ಅಗಲದ ಆಂಟೆನಾ, ಮನೆಗಳ ಮೇಲೆ ಕಿರಿದಾದದ್ದು.

ಕಿರಿದಾದದ್ದಕ್ಕೆ ಒಂದು ಕಾಟ ಇದೆ. 60 ಸೆಂಟಿಮೀಟರ್ ಡಿಶ್‌ನ ಕಿರಣ ಸುಮಾರು 6 ಡಿಗ್ರಿ ಅಷ್ಟೇ. ಅದರ ಎರಡೂ ಬದಿಗೆ ಸಣ್ಣ ಸಣ್ಣ ಉಪಕಿರಣಗಳೂ ಇರುತ್ತವೆ. ಡಿಶ್ ತಿರುಗಿಸುವಾಗ ಸಿಗ್ನಲ್ ಏರಿ ಇಳಿಯಿತು ಅಂತ ಅಲ್ಲೇ ಬೋಲ್ಟು ಬಿಗಿದರೆ, ಹಿಡಿದದ್ದು ಉಪಕಿರಣವೇ ಆಗಿರಬಹುದು. ಅದಕ್ಕೇ ಏಣಿ ಹತ್ತುವ ಮೊದಲೇ ಲೆಕ್ಕ ಬೇಕು. ಬಂದ ಸಿಗ್ನಲ್ ಅಳೆಯುವುದು ಡಿಬಿಎಂನಲ್ಲಿ, ಸೊನ್ನೆಗೆ ಹತ್ತಿರ ಇದ್ದಷ್ಟೂ ಬಲ ಜಾಸ್ತಿ. ಮೈನಸ್ 56 ಡಿಬಿಎಂ ಬರಬೇಕಾದಲ್ಲಿ ಮೈನಸ್ 75 ಬಂದರೆ ಇನ್ನೂ ತಿರುಗಿಸಿ, ಇಳಿಯಬೇಡಿ.

ಇನ್ನು ಮರ. ಎದುರು ಮನೆ ಕಣ್ಣಿಗೆ ಕಂಡರೆ ದಾರಿ ಖಾಲಿ ಅಂತಲ್ಲ. ರೇಡಿಯೋ ಅಲೆ ದಾರದ ಹಾಗೆ ಹೋಗುವುದಿಲ್ಲ, ಮೊಗೆಕಾಯಿಯ ಹಾಗೆ ನಡುವೆ ಉಬ್ಬಿಕೊಂಡು ಹೋಗುತ್ತದೆ. ದೀಪಸ್ತಂಭದ ಲೆನ್ಸು ರೂಪಿಸಿದ ಫ್ರೆನೆಲ್‌ನ ಹೆಸರೇ ಈ ಉಬ್ಬಿಗೂ ಇದೆ. 2.4 ಕಿಲೋಮೀಟರ್ ದಾರಿಯಲ್ಲಿ ನಡುವಿನ ಉಬ್ಬು ಸುತ್ತಲೂ ಐದೂವರೆ ಮೀಟರ್. ಅದರಲ್ಲಿ ಶೇಕಡಾ 60ರಷ್ಟಾದರೂ ಖಾಲಿ ಇರಬೇಕು. ಈಗ ಖಾಲಿ ಇದ್ದರೆ ಸಾಲದು. ನಡುವೆ ಅಕೇಶಿಯಾ ನೆಡುತೋಪಿದ್ದರೆ, ಎಳೆಯ ಗಿಡ ವರ್ಷಕ್ಕೆ ಎರಡು ಮೀಟರ್ ಆಸುಪಾಸು ಏರುತ್ತದೆ. ಮೂರನೇ ಮಳೆಗಾಲಕ್ಕೆ ನಿಮ್ಮ ಮೊಗೆಕಾಯಿಯೊಳಗೆ ಸೊಪ್ಪು ತುಂಬಿರುತ್ತದೆ.

ಮಳೆಗೆ ನೆಟ್ ಹೋಯಿತು ಅನ್ನುತ್ತಾರಲ್ಲ, ಈ ಅಲೆಗಳ ಮಟ್ಟಿಗೆ ಪಾಪ ಮಳೆಯ ತಪ್ಪು ಕಡಿಮೆ. 5.8 ಗಿಗಾಹರ್ಟ್ಸ್ ಅಲೆಯ ಉದ್ದ 5 ಸೆಂಟಿಮೀಟರ್, ಹನಿಯದ್ದು ಕೆಲವೇ ಮಿಲಿಮೀಟರ್. ಜಡಿಮಳೆಯಲ್ಲೂ ನಮ್ಮ ದೂರಕ್ಕೆ ಒಂದೆರಡು ಡಿಬಿ ನಷ್ಟ. ನಿಜವಾದ ಕಳ್ಳರು ಒದ್ದೆ ಎಲೆ, ಕನೆಕ್ಟರ್ ಒಳಗೆ ಇಳಿದ ನೀರು ಮತ್ತು ಕರೆಂಟು. ಕೇಬಲ್ಲನ್ನು ಪೆಟ್ಟಿಗೆಯೊಳಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಇಳಿಬಿಟ್ಟು ಮೇಲೆತ್ತಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಖರ್ಚಿಲ್ಲದ ಉಪಾಯ, ಆದರೂ ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ.

60 ಗಿಗಾಹರ್ಟ್ಸ್ ಉಪಕರಣ ಬೇರೆ ಜಾತಿ. ಅದರ ಅಲೆ ಬರೀ 5 ಮಿಲಿಮೀಟರ್. ಮಳೆ ಹೊಡೆಯುತ್ತದೆ, ಮಳೆ ಇಲ್ಲದಿದ್ದರೆ ಗಾಳಿಯ ಆಮ್ಲಜನಕವೇ ಕಿಲೋಮೀಟರಿಗೆ 15 ಡಿಬಿಯಷ್ಟು ನುಂಗುತ್ತದೆ. ತಮಾಷೆ ಅಂದರೆ 1890ರ ದಶಕದಲ್ಲೇ ಕಲ್ಕತ್ತಾದಲ್ಲಿ ಜಗದೀಶ ಚಂದ್ರ ಬೋಸರು ಇಷ್ಟೇ ಸಣ್ಣ ಅಲೆಗಳ ಜೊತೆ ಆಡುತ್ತಿದ್ದರು. ಇವತ್ತು ಮಾರುವ, ಕಹಳೆಯ ಬಾಯಿಯಂಥ ಹಾರ್ನ್ ಆಂಟೆನಾದ ಅಜ್ಜ ಅವರ ಮೇಜಿನ ಮೇಲಿತ್ತು.

ಕಾರವಾರದ ಕಡೆಯವರ ಕಷ್ಟ ಬೇರೆ. ಕಾಳಿ ನದಿಯ ಅಳಿವೆ ದಾಟಿಸುವಾಗ ಮರದ ತಂಟೆ ಇಲ್ಲ, ಆದರೆ ನೀರು ಕನ್ನಡಿಯ ಹಾಗೆ ಅಲೆಯನ್ನು ಹೊರಳಿಸುತ್ತದೆ. ನೇರ ಬಂದದ್ದೂ ಹೊರಳಿ ಬಂದದ್ದೂ ಸೇರಿ ಒಮ್ಮೆ ಬಲವಾಗುತ್ತವೆ, ಒಮ್ಮೆ ಒಂದನ್ನೊಂದು ಅಳಿಸುತ್ತವೆ. ಭರತ ಇಳಿತಕ್ಕೆ ನೀರಿನ ಮಟ್ಟ ಬದಲಾದರೆ ಸಿಗ್ನಲ್ಲೂ ಬದಲು. ಉಪ್ಪುಗಾಳಿಗೆ ಸಾದಾ ಬೋಲ್ಟು ಹಾಕಿದರಂತೂ ಮುಂದೆ ಅದನ್ನು ಬಿಚ್ಚುವ ಆಸೆ ಬಿಡಿ.

ನಮ್ಮ ತೋಟದ ಮನೆಗೆ ಜುಲೈ ಮಳೆಯಲ್ಲಿ ಮೈನಸ್ 58 ಬಂತು. ಗಾಳಿ ಜೋರಾದಾಗ ಮಾತ್ರ ಮೈನಸ್ 66. ಅಂಗಳದ ತೆಂಗಿನ ಒಂದು ಗರಿ ಅಡ್ಡ ಬಂದು ಹೋಗುತ್ತದೆ. ಗರಿ ಕಡಿಯುವುದೋ, ಆಂಟೆನಾವನ್ನೇ ಕೊಟ್ಟಿಗೆಯ ಮಾಡಿಗೆ ಸರಿಸುವುದೋ ಅಂತ ಆ ಮನೆಯಲ್ಲಿ ಇನ್ನೂ ಮಾತುಕತೆ ಮುಗಿದಿಲ್ಲ.