‘ಮತ್ತೆ ಕತ್ತಿ ಎತ್ತುತ್ತಾನಾ?’: ಹಿಂಸೆಯ ಅಪಾಯ ಅಂದಾಜು ಮಾಡುವ ಬಗ್ಗೆ ಒಂದು ಟಿಪ್ಪಣಿ

ಫೊರೆನ್ಸಿಕ್ ಸೈಕಾಲಜಿಯಲ್ಲಿ, ಅಂದರೆ ಅಪರಾಧ ಮತ್ತು ಕೋರ್ಟಿಗೆ ಸಂಬಂಧಿಸಿದ ಮನಶ್ಶಾಸ್ತ್ರದಲ್ಲಿ, ನಮ್ಮ ಬ್ಯಾಚಿನ ಮುಕ್ಕಾಲು ಜನ ತಡವರಿಸಿದ ಪಾಠ ಇದು. ನಾನೂ ಎರಡು ಸಲ ಓದಿ ಪುಸ್ತಕ ಮುಚ್ಚಿದ್ದೆ. ಕೊನೆಗೆ ಅಡಿಕೆ ತೋಟದ ಲೆಕ್ಕಕ್ಕೆ ತಂದುಕೊಂಡಾಗಲೇ ತಲೆಗೆ ಹತ್ತಿದ್ದು.

ಮೊದಲು ಒಂದು ಕೇಸು, ಪೂರ್ತಿ ಕಲ್ಪನೆಯದು. ತೀರ್ಥಹಳ್ಳಿ ಕಡೆಯವನು, ನಲವತ್ತರ ಆಸುಪಾಸು. ಬೇಲಿ ವಿಷಯಕ್ಕೆ ದಾಯಾದಿಯ ಜೊತೆ ಹತ್ತು ವರ್ಷದ ಜಗಳ. ಒಂದು ರಾತ್ರಿ ಕುಡಿದು ಬಂದು ಕತ್ತಿ ಬೀಸಿದ, ದಾಯಾದಿಯ ಕೈಗೆ ಗಾಯವಾಯಿತು. ಮನೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಬೇರೆ ಇದೆ. ಈಗ ಶಿವಮೊಗ್ಗದ ಸೋಗಾನೆ ಜೈಲಿನಲ್ಲಿದ್ದಾನೆ. ಹೊರಗೆ ಬಂದರೆ ಮತ್ತೆ ಹೊಡೆಯುತ್ತಾನಾ?

ನಮ್ಮ ಬಾಯಿಗೆ ತಕ್ಷಣ ಬರುವುದು ‘ಹೌದು’ ಅಥವಾ ‘ಇಲ್ಲ’. ಹಾಗೆ ಹೇಳಿ ಪರಿಣತರು ಎಷ್ಟು ಎಡವಿದ್ದಾರೆ ಅನ್ನುವುದಕ್ಕೆ ಅಮೆರಿಕದ ಎರಡು ಪ್ರಕರಣ ನೆನಪಿಡಿ. 1966ರಲ್ಲಿ ಬ್ಯಾಕ್ಸ್‌ಟ್ರಾಮ್ ಪ್ರಕರಣದ ತೀರ್ಪಿನಿಂದಾಗಿ, ನ್ಯೂಯಾರ್ಕಿನಲ್ಲಿ ‘ತುಂಬಾ ಅಪಾಯಕಾರಿ’ ಎಂದು ಬಿಗಿ ಕಾವಲಿನ ಆಸ್ಪತ್ರೆಗಳಲ್ಲಿ ಇಟ್ಟಿದ್ದ ಹತ್ತಿರ ಹತ್ತಿರ ಸಾವಿರ ಜನರನ್ನು ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಕಳಿಸಬೇಕಾಯಿತು. ಸಿಬ್ಬಂದಿಗೆಲ್ಲ ಭಯ. ನಾಲ್ಕು ವರ್ಷ ಕಳೆದ ಮೇಲೆ ನೋಡಿದರೆ, ಮತ್ತೆ ಬಿಗಿ ಕಾವಲಿಗೆ ಹೋದವರು ನೂರಕ್ಕೆ ಮೂವರೂ ಇಲ್ಲ.

ಎರಡನೆಯದು 1983ರ ಬೇರ್‌ಫುಟ್ ಪ್ರಕರಣ, ಟೆಕ್ಸಾಸಿನದು. ಆರೋಪಿಯನ್ನು ಒಮ್ಮೆಯೂ ಪರೀಕ್ಷೆ ಮಾಡದ ಇಬ್ಬರು ಮನೋವೈದ್ಯರು ಇವನು ಮುಂದೆಯೂ ಹಿಂಸೆ ಮಾಡುತ್ತಾನೆ ಎಂದು ಸಾಕ್ಷಿ ನುಡಿದರು. ಅವರಲ್ಲಿ ಒಬ್ಬರಾದ ಜೇಮ್ಸ್ ಗ್ರಿಗ್ಸನ್ ‘ನೂರಕ್ಕೆ ನೂರು’ ಎಂದೇ ಹೇಳಿದರು! ಇಂಥ ಮೂರು ಭವಿಷ್ಯದಲ್ಲಿ ಎರಡು ತಪ್ಪಾಗುತ್ತವೆ ಎಂದು ಅಮೆರಿಕದ ಮನೋವೈದ್ಯರ ಸಂಘವೇ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಆದರೂ ಅಂಥ ಸಾಕ್ಷಿ ಬೇಡ ಎನ್ನಲು ಕೋರ್ಟು ಒಪ್ಪಲಿಲ್ಲ. ಬೇರ್‌ಫುಟ್‌ಗೆ 1984ರಲ್ಲಿ ಮರಣದಂಡನೆಯಾಯಿತು. ಗ್ರಿಗ್ಸನ್ ಅವರನ್ನು ಸಂಘ 1995ರಲ್ಲಿ ಹೊರಹಾಕಿತು.

ಇಷ್ಟೊಂದು ಯಾಕೆ ತಪ್ಪಾಗುತ್ತದೆ? ಇಲ್ಲಿ ಬೇಸ್ ರೇಟ್ ಬರುತ್ತದೆ. ಅಂದರೆ, ಆ ಗುಂಪಿನಲ್ಲಿ ಆ ಸಂಗತಿ ಮಾಮೂಲಿಯಾಗಿ ಎಷ್ಟು ಸಲ ನಡೆಯುತ್ತದೆ ಅನ್ನುವ ಲೆಕ್ಕ. ಜುಲೈನಲ್ಲಿ ಆಗುಂಬೆಯಲ್ಲಿ ನಿಂತು ‘ನಾಳೆ ಮಳೆ’ ಅನ್ನಲು ಹವಾಮಾನ ಇಲಾಖೆ ಬೇಕಿಲ್ಲ, ಕಣ್ಣು ಮುಚ್ಚಿ ಹೇಳಬಹುದು. ಫೆಬ್ರವರಿಯಲ್ಲಿ ಹೇಳಿ ನೋಡೋಣ. ಗಂಭೀರ ಹಿಂಸೆ ಫೆಬ್ರವರಿಯ ಮಳೆ ಇದ್ದ ಹಾಗೆ.

ಊಹೆಯ ಅಂಕಿ ಹಿಡಿದು ಲೆಕ್ಕ ಮಾಡಿ. ಸಾವಿರ ಜನರಲ್ಲಿ 50 ಮಂದಿ ಮುಂದೆ ಹಿಂಸೆ ಮಾಡುವವರು. ನಮ್ಮ ಪರೀಕ್ಷೆ ಹಿಂಸೆ ಮಾಡುವವರ ವಿಷಯದಲ್ಲೂ ಮಾಡದವರ ವಿಷಯದಲ್ಲೂ 80 ಶೇಕಡ ಸರಿ. ಹಾಗಾದರೆ 50ರಲ್ಲಿ 40 ಮಂದಿ ಸಿಕ್ಕಿಬೀಳುತ್ತಾರೆ, ಸರಿ. ಆದರೆ ಉಳಿದ 950 ಜನರಲ್ಲಿ 190 ಮಂದಿಯ ಮೇಲೂ ಸುಮ್ನೆ ‘ಅಪಾಯಕಾರಿ’ ಅನ್ನುವ ಚೀಟಿ ಅಂಟುತ್ತದೆ. ಚೀಟಿ ಅಂಟಿದ ಒಟ್ಟು 230 ಜನರಲ್ಲಿ ನಿಜವಾದವರು 40. ಉತ್ತರ ಪತ್ರಿಕೆಯಲ್ಲಿ ಈ ಲೆಕ್ಕ ಬರೆದು ತೋರಿಸಿ, ಅರ್ಧ ಪುಟ ಉಳಿಯುತ್ತದೆ.

ಅಪಾಯ ಅಂದಾಜು ಮಾಡುವ ಸಾಧನಗಳ ವಿಷಯಕ್ಕೆ ಬರೋಣ. 1993ರಲ್ಲಿ ಕೆನಡಾದಲ್ಲಿ ಬಂದ ವಿಆರ್‌ಎಜಿ (ವಯೊಲೆನ್ಸ್ ರಿಸ್ಕ್ ಅಪ್ರೈಸಲ್ ಗೈಡ್) ಎಂಬುದರಲ್ಲಿ 12 ಅಂಶಗಳಿವೆ, ಒಂದೊಂದಕ್ಕೂ ಅಂಕ, ಕೂಡಿಸಿದರೆ ಮುಗಿಯಿತು. ಇದಕ್ಕೆ ‘ಯಾಕೆ’ ಅನ್ನುವುದು ಬೇಡವೇ ಬೇಡ. ಪೆಟ್ಟು ತಿಂದವರಿಗೆ ಗಾಯ ಜಾಸ್ತಿ ಆಗಿದ್ದರೆ ಅಪಾಯದ ಅಂಕ ಇದರಲ್ಲಿ ಕಡಿಮೆಯಾಗುತ್ತದೆ! ವಿಚಿತ್ರ ಅಲ್ವಾ? ಇದನ್ನು ಕಟ್ಟಲು ಬಳಸಿದ ಒಂಟಾರಿಯೋದ ಗಂಡಸರ ಗುಂಪಿನ ಅಂಕಿಅಂಶ ಹಾಗಿತ್ತು, ಅಷ್ಟೇ. ಆ ಗಂಡಸರ ಮೇಲೆ ಕಟ್ಟಿದ ಕೋಷ್ಟಕವನ್ನು ತಂದು ನಮ್ಮ ತೀರ್ಥಹಳ್ಳಿಯವನ ಮೇಲೆ ಹಾಗೇ ಇಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು ಸಾಧನ ಎಚ್‌ಸಿಆರ್-20, 20 ಅಂಶಗಳ ಪಟ್ಟಿ. ಮೊದಲು ಬಂದದ್ದು 1995ರಲ್ಲಿ, ಮೂರನೇ ಆವೃತ್ತಿ 2013ರಲ್ಲಿ. ಹಿಂದಿನ ಬದುಕಿನ ಬಗ್ಗೆ 10 ಅಂಶ, ಈಗಿನ ಸ್ಥಿತಿಯ ಬಗ್ಗೆ 5, ಮುಂದಿನ ವ್ಯವಸ್ಥೆಯ ಬಗ್ಗೆ 5. ಅಡಿಕೆ ಕೊಳೆ ರೋಗ ನೆನಪಿಸಿಕೊಳ್ಳಿ. ತೋಟ ತಗ್ಗಿನಲ್ಲಿದೆ, ಹಿಂದೆ ನಾಲ್ಕು ಸಲ ಕೊಳೆ ಬಂದಿದೆ. ಇದನ್ನು ಬದಲಾಯಿಸಲು ಯಾರಿಂದಲೂ ಆಗುವುದಿಲ್ಲ. ಬಸಿಗಾಲುವೆ ಕಟ್ಟಿಕೊಂಡಿದೆ, ಇದು ಇವತ್ತಿನ ಸ್ಥಿತಿ, ಬಿಡಿಸಬಹುದು. ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರ ಸಿಗುತ್ತಾನಾ, ಮಳೆ ಹೊಳವು ಕೊಡುತ್ತದಾ, ಇದು ಮುಂದಿನದು. ಅಪ್ಪಯ್ಯ ಯಾವ ವರ್ಷವೂ ‘ಈ ಸಲ ಕೊಳೆ ಬರುತ್ತದೋ ಇಲ್ಲವೋ’ ಎಂದು ಭವಿಷ್ಯ ಹೇಳುತ್ತಾ ಕೂತವರಲ್ಲ. ಯಾವ ಮೂಲೆಯಲ್ಲಿ ಮೊದಲು ಬರಬಹುದು ಎಂದು ನೋಡಿ ಅಲ್ಲಿಂದ ಔಷಧಿ ಶುರು ಮಾಡುತ್ತಿದ್ದರು. ಮೂರನೇ ಆವೃತ್ತಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಅಂಕ ಕೂಡಿಸಬೇಡಿ, ಯಾರ ಮೇಲೆ, ಯಾವ ಸಂದರ್ಭದಲ್ಲಿ, ಎಷ್ಟು ಗಂಭೀರವಾಗಿ ಆಗಬಹುದು, ತಡೆಯುವುದು ಹೇಗೆ ಎಂದು ಬರೆಯಿರಿ.

‘ಮಂಡೆ ಸಮ ಇಲ್ಲದವನು, ಹುಷಾರು’ ಎಂದು ಊರಲ್ಲಿ ಹೇಳುತ್ತಾರಲ್ಲ, ಅದಕ್ಕೂ ಒಂದು ಮಾತು. ಅಮೆರಿಕದ ಮೂರು ಊರುಗಳಲ್ಲಿ ನಡೆದ ಮ್ಯಾಕ್‌ಆರ್ಥರ್ ಅಧ್ಯಯನದ 1998ರ ವರದಿಯಲ್ಲಿ, ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದವರಲ್ಲಿ ಕುಡಿತ, ಮಾದಕ ವಸ್ತುವಿನ ತೊಂದರೆ ಇಲ್ಲದವರು ಅಂಥದೇ ತೊಂದರೆ ಇಲ್ಲದ ತಮ್ಮ ಅಕ್ಕಪಕ್ಕದವರಿಗಿಂತ ಹೆಚ್ಚು ಹಿಂಸೆ ಮಾಡಿದ್ದು ಕಾಣಲಿಲ್ಲ. ನಮ್ಮ ಕೇಸಿನಲ್ಲೂ ಮೊದಲು ಕೇಳಬೇಕಾದದ್ದು ಕುಡಿತದ ಬಗ್ಗೆ.

ನಮ್ಮ ದೇಶದಲ್ಲಿ ಇದೆಲ್ಲ ಎಲ್ಲಿ ಬೇಕಾಗುತ್ತದೆ? ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು, ಮರಣದಂಡನೆ ಕೊಡಬೇಕೇ ಎಂದು ತೀರ್ಮಾನಿಸುವ ಹೊತ್ತಿಗೆ ಆರೋಪಿ ಮುಂದೆ ಸಮಾಜಕ್ಕೆ ಅಪಾಯವಾಗದೇ ಇರುವ ಸಾಧ್ಯತೆಯನ್ನೂ ನೋಡಬೇಕು ಎಂದಿತು. 2022ರ ಮನೋಜ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳಲ್ಲಿ ಆರೋಪಿಯ ಮಾನಸಿಕ ಮೌಲ್ಯಮಾಪನ ಮತ್ತು ಜೈಲಿನ ನಡತೆಯ ವರದಿ ತರಿಸಬೇಕು ಎಂದು ಹೇಳಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್ನಿನಲ್ಲೂ, ಅಂದರೆ ಹೆಚ್ಚಿನ ನೆರವು ಬೇಕಾದ ರೋಗಿಯನ್ನು ಆಸ್ಪತ್ರೆಗೆ ಸೇರಿಸುವ ನಿಯಮದಲ್ಲೂ, ಹಿಂಸೆಯ ವಿಷಯ ಬರುತ್ತದೆ. ಅಲ್ಲಿ ‘ಇತ್ತೀಚೆಗೆ’ ಅನ್ನುವ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ, ಹತ್ತು ವರ್ಷದ ಹಿಂದಿನ ಜಗಳ ಅಲ್ಲಿ ನಡೆಯುವುದಿಲ್ಲ. ಜಾಮೀನಿನ ಹಂತದಲ್ಲಿ ನಮ್ಮಂಥವರ ವರದಿ ಕೇಳುವ ವಾಡಿಕೆ ಇಲ್ಲ. ಕೇಳಿದರು ಅಂತಲೇ ಇಟ್ಟುಕೊಂಡು ಉತ್ತರ ಬರೆದು ನೋಡಿದೆ:

‘ಇವರಿಂದ ಅಪಾಯ ಇರುವುದು ಹೆಚ್ಚಾಗಿ ಒಬ್ಬ ದಾಯಾದಿಗೆ, ಅದೂ ಕುಡಿದಾಗ ಮತ್ತು ಬೇಲಿಯ ತಕರಾರು ಎದ್ದಾಗ. ಕೈಗೆ ಕೋವಿ ಸಿಕ್ಕರೆ ಪೆಟ್ಟು ಪ್ರಾಣಕ್ಕೆ ಬರಬಹುದು. ಕೋವಿಯನ್ನು ಠಾಣೆಯಲ್ಲಿ ಇಡಿಸುವುದು, ಸರ್ವೆ ಮುಗಿಯುವವರೆಗೆ ತೋಟದ ಆ ಬದಿಗೆ ಹೋಗದಿರುವುದು, ಕುಡಿತ ಬಿಡುವ ಚಿಕಿತ್ಸೆ, ಅಲ್ಲಿಯವರೆಗೆ ಅಕ್ಕನ ಮನೆಯಲ್ಲಿ ವಾಸ. ಮೂರು ತಿಂಗಳಿಗೆ, ಅಥವಾ ಸರ್ವೆಯ ದಿನ ಗೊತ್ತಾದ ಕೂಡಲೇ, ಮತ್ತೊಮ್ಮೆ ನೋಡಬೇಕು.’

‘ಹೊಡೆಯುತ್ತಾನೆ’ ಅಂತಲೂ ಇಲ್ಲ, ‘ಹೊಡೆಯುವುದಿಲ್ಲ’ ಅಂತಲೂ ಇಲ್ಲ. ಮೇಷ್ಟ್ರು ಓದಿ ಒಂದೇ ಒಂದು ತಿದ್ದಿದರು: ಅಕ್ಕನ ಮನೆಯಿಂದ ದಾಯಾದಿಯ ಮನೆಗೆ ಎಷ್ಟು ದೂರ, ಬರೆದಿಲ್ಲ.